‘ಬೇಗ ಬೇಕು’ ಎಂದರೆ ರೋಬೋಟ್‌ಗೆ ಎಷ್ಟು ಬೇಗ?

ನವರಂಗಪುರದಿಂದ ಸಾನಂದ ದೂರವಲ್ಲ. 2010ರಲ್ಲಿ ನ್ಯಾನೊ ಕಾರಿನ ಕಾರ್ಖಾನೆ ಬಂದ ಮೇಲೆ ಆ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಇಂಥ ಕಾರ್ಖಾನೆಗಳಲ್ಲಿ ರೋಬೋಟ್ ಬೆಸುಗೆ ಹಾಕುವುದನ್ನು ನೋಡಿ ನಾವು ಬೆರಗಾಗುತ್ತೇವೆ. ನನ್ನಂಥ ಸಾಫ್ಟ್‌ವೇರ್‌ನವರಿಗೆ ಅದಕ್ಕಿಂತ ಕಷ್ಟದ ಪ್ರಶ್ನೆ: ಅದು ಯಾವ ಕೆಲಸ ಮೊದಲು ಮಾಡಬೇಕು?

ಹತ್ತೇ ಕೆಲಸಗಳಿದ್ದರೂ ಅವನ್ನು 36,28,800 ಬಗೆಯಲ್ಲಿ ಸಾಲಾಗಿ ಜೋಡಿಸಬಹುದು. ನಡುವೆ ಒಂದು ಬಿಡಿಭಾಗ ತಡವಾದರೆ ಲೆಕ್ಕವೆಲ್ಲ ಮೊದಲಿನಿಂದ. ಅನುಭವಿ ಸೂಪರ್‌ವೈಸರ್ ಮಾತ್ರ ‘ಗಡುವು ಹತ್ತಿರ ಬಂದಿದೆ, ಮುಂದಿನ ಯಂತ್ರದ ಬಳಿ ಮಾಲು ಕಡಿಮೆ ಇದೆ, ಇದನ್ನೇ ಮೊದಲು ಹಾಕು’ ಎಂದು ಥಟ್ಟನೆ ಹೇಳುತ್ತಾರೆ. ‘ಹತ್ತಿರ’, ‘ಕಡಿಮೆ’ ಎಂಬ ಈ ಮಾತುಗಳನ್ನು ಗಣಿತಕ್ಕೆ ತಂದದ್ದು ಫಝಿ ಲಾಜಿಕ್. ಅಮೆರಿಕದ ಬರ್ಕ್ಲಿಯಲ್ಲಿದ್ದ ಲಾಟ್ಫಿ ಝಾದೆ 1965ರಲ್ಲಿ ಇದಕ್ಕೆ ಬುನಾದಿ ಹಾಕಿದರು. 1987ರಲ್ಲಿ ಜಪಾನಿನ ಸೆಂಡೈ ಮೆಟ್ರೊ ರೈಲು ಇದೇ ತರ್ಕದಿಂದ ಓಡಿತು.

ಒಂದು ಉದಾಹರಣೆ. ಗಡುವಿಗೆ 2 ಗಂಟೆ ಉಳಿದಿದ್ದರೆ ‘ಹತ್ತಿರ’ಕ್ಕೆ 1 ಅಂಕ, 10 ಗಂಟೆ ಇದ್ದರೆ 0, ನಡುವೆ ಸಮನಾಗಿ ಇಳಿಯಲಿ. ಮುಂದಿನ ಯಂತ್ರದ ಬಳಿ ಮಾಲು ಖಾಲಿಯಾಗಿದ್ದರೆ ‘ಕಡಿಮೆ’ಗೆ 1, 20 ಇದ್ದರೆ 0. ಮೊದಲ ಕೆಲಸಕ್ಕೆ 4 ಗಂಟೆ ಉಳಿದಿದೆ, ಮುಂದೆ ಮಾಲು 10 ಇದೆ: ಅಂಕ 0.75 ಮತ್ತು 0.5. ಎರಡನೆಯದಕ್ಕೆ 5 ಗಂಟೆ, ಮಾಲು 4: ಅಂಕ 0.625 ಮತ್ತು 0.8. ಎರಡೂ ಷರತ್ತು ಕೂಡಬೇಕಾದ್ದರಿಂದ ಚಿಕ್ಕ ಅಂಕವೇ ಲೆಕ್ಕ: 0.5 ಮತ್ತು 0.625. ಗಡುವನ್ನಷ್ಟೇ ನೋಡಿದ್ದರೆ ಮೊದಲನೆಯದು ಗೆಲ್ಲುತ್ತಿತ್ತು. ಇಲ್ಲಿ ಎರಡನೆಯದು ಮುಂದೆ ಹೋಗುತ್ತದೆ, ಮುಂದಿನ ರೋಬೋಟ್ ಕೈಕಟ್ಟಿ ನಿಲ್ಲುವುದು ತಪ್ಪುತ್ತದೆ.

ಇದು ಅತ್ಯುತ್ತಮ ಸಾಲನ್ನೇ ಕೊಡುತ್ತದೆಂಬ ಖಾತರಿಯಿಲ್ಲ; ಒಪ್ಪುವಂಥದ್ದನ್ನು ಬೇಗ ಕೊಡುತ್ತದೆ. ಯಾಕೆ ಹೀಗೆ ಆರಿಸಿತು ಎಂದು ಯಾರಾದರೂ ಕೇಳಿದರೆ ನಿಯಮವನ್ನು ಓದಿ ಹೇಳಬಹುದು.

ಆದರೆ ಆ 2, 10, 20 ಎಂಬ ಗೆರೆಗಳನ್ನು ಎಳೆಯುವವರು ಯಾರು? ಆಫೀಸಿನ ಏಸಿಯಲ್ಲಿ ಕೂತು ನಾವೇ ಎಳೆದರೆ ಯಂತ್ರ ನಮ್ಮ ಊಹೆಯನ್ನೇ ಚಾಚೂ ತಪ್ಪದೆ ಪಾಲಿಸುತ್ತದೆ. ಇಪ್ಪತ್ತು ವರ್ಷ ಲೈನಿನಲ್ಲಿ ನಿಂತ ಕೆಲಸಗಾರನಿಗೆ ‘ಕಡಿಮೆ’ ಎಂದರೆ ಎಷ್ಟೆಂದು ಗೊತ್ತು. ಅವನು ಅದನ್ನು ಗುಜರಾತಿಯಲ್ಲಿ ಹೇಳುತ್ತಾನೋ ಕನ್ನಡದಲ್ಲೋ ಎಂಬುದು ಮುಖ್ಯವಲ್ಲ. ಅವನು ನಿವೃತ್ತನಾಗುವ ಮುಂಚೆ ಹೋಗಿ ಕೇಳಬೇಕು, ಅಷ್ಟೆ.