ಕಾಫಿ ತೋಟದ ಕೀಟಗಳು ಮತ್ತು ಛಾಯಾಚಿತ್ರದ ಸಾಕ್ಷ್ಯ

ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ಮಾರ್ಗದಲ್ಲಿರುವ ಬಿಟ್ಟಂಗಾಲವು ಕೀಟಗಳನ್ನು ಅಭ್ಯಾಸ ಮಾಡಬಯಸುವ ವಿದ್ಯಾರ್ಥಿಗೆ ಬಹು ಅನುಕೂಲವಾದ ಸ್ಥಳ. ಮರಗಳ ನೆರಳಿನಲ್ಲಿ ಬೆಳೆದ ಕಾಫಿ, ಆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನ ಗದ್ದೆ, ಅದರಂಚಿನ ತೋಡು ಇವೆಲ್ಲವೂ ಒಂದು ಬೆಳಗಿನ ನಡಿಗೆಯ ಅಳವಿನಲ್ಲಿಯೇ ದೊರೆಯುತ್ತವೆ. ಇಂದು ಇಂತಹ ನಡಿಗೆಗೆ ಹೊರಡುವವರ ಕೈಯಲ್ಲಿ ಕ್ಯಾಮೆರಾ ಅಥವಾ ಮೊಬೈಲ್ ಫೋನು ಇದ್ದೇ ಇರುತ್ತದೆ. ಅವರು ತೆಗೆದು ತರುವ ಚಿತ್ರಗಳು ನೋಡಲು ಸೊಗಸಾಗಿರುವುದುಂಟು. ಆದರೆ ಶಾಸ್ತ್ರದ ಉಪಯೋಗಕ್ಕೆ ಒದಗುವಂಥವು ಅವುಗಳಲ್ಲಿ ಕೆಲವೇ. ಚಿತ್ರವು ಸಾಕ್ಷ್ಯವೆನಿಸಬೇಕಾದರೆ ಅದರಲ್ಲಿ ಏನಿರಬೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ತೊಡಕು ಮಸೂರದ ಸ್ವಭಾವದಿಂದ ಬರುವುದು. 35 ಮಿಲಿಮೀಟರ್ ಫಿಲ್ಮಿನಷ್ಟೇ ಅಗಲದ ಗ್ರಾಹಕವುಳ್ಳ ಕ್ಯಾಮೆರಾದಲ್ಲಿ ಕೀಟದ ಬಿಂಬವು ಕೀಟದ ಗಾತ್ರಕ್ಕೆ ಸಮನಾಗಿ ಮೂಡುವಂತೆ ಚಿತ್ರ ತೆಗೆದರೆ, ರಂಧ್ರವನ್ನು ಎಫ್/16ರಷ್ಟು ಕಿರಿದುಗೊಳಿಸಿದಾಗಲೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು 2 ಮಿಲಿಮೀಟರ್ ಮಾತ್ರ. ಎಫ್/8ರಲ್ಲಿ ಅದು 1 ಮಿಲಿಮೀಟರಿಗೆ ಇಳಿಯುತ್ತದೆ. ಆದುದರಿಂದ ಕೀಟದ ಯಾವ ಭಾಗವನ್ನು ತೋರಿಸಬೇಕೋ ಆ ಭಾಗಕ್ಕೆ ಕ್ಯಾಮೆರಾ ಸಮಾನಾಂತರವಾಗಿರಬೇಕು. ರಂಧ್ರವನ್ನು ಇನ್ನೂ ಕಿರಿದಾಗಿಸಿದರೆ ಬೆಳಕಿನ ವಿವರ್ತನೆಯಿಂದ ಚಿತ್ರವೆಲ್ಲ ಮಸುಕಾಗುತ್ತದೆ. ಇದಲ್ಲದೆ, ಸಮಗಾತ್ರದ ಬಿಂಬಕ್ಕಾಗಿ ಮಸೂರವನ್ನು ಮುಂದಕ್ಕೆ ಚಾಚಿದಾಗ ಗ್ರಾಹಕಕ್ಕೆ ತಲಪುವ ಬೆಳಕು ಕಾಲುಭಾಗಕ್ಕೆ ಇಳಿಯುವುದು. ಕಾಫಿ ತೋಟದ ನೆರಳಿನಲ್ಲಿ ಬೆಳಕೇ ವಿರಳವಾದುದರಿಂದ, ತೆಳುವಾದ ಬಿಳಿಯ ಕಾಗದ ಅಥವಾ ಬಟ್ಟೆಯ ಮೂಲಕ ಹಾಯಿಸಿದ ಫ್ಲಾಶ್ ಬೆಳಕು ಇಲ್ಲಿ ಪ್ರಯೋಜನಕಾರಿ.

ಎರಡನೆಯದು ಕೋನದ ವಿಚಾರ. ಕಾಮನ್ ಮಾರ್ಮನ್ ಎಂಬ ಚಿಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ಹೆಣ್ಣುಗಳಲ್ಲಿ ಕೆಲವು ಗಂಡನ್ನೇ ಹೋಲುತ್ತವೆ. ಉಳಿದವು ಕಾಮನ್ ರೋಸ್ ಅಥವಾ ಕ್ರಿಮ್ಸನ್ ರೋಸ್ ಎಂಬ ಬೇರೆ ಚಿಟ್ಟೆಗಳ ವೇಷವನ್ನು ಧರಿಸಿರುತ್ತವೆ. ಈ ಎರಡು ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ತಿಂದು ಅವುಗಳ ವಿಷವನ್ನು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಅವುಗಳ ಗೊಡವೆಗೆ ಹೋಗುವುದಿಲ್ಲ. ಮಾರ್ಮನ್ನಿನ ಮರಿಹುಳುಗಳಾದರೋ ಕಿತ್ತಳೆ, ನಿಂಬೆ, ಕರಿಬೇವುಗಳ ಎಲೆಗಳನ್ನು ತಿಂದು ಬೆಳೆಯುತ್ತವೆ. ರೆಕ್ಕೆಗಳನ್ನಷ್ಟೇ ನೋಡಿದರೆ ಅನುಭವಿಗಳೂ ತಬ್ಬಿಬ್ಬಾಗಬಹುದು. ಆದರೆ ರೋಸ್ ಚಿಟ್ಟೆಗಳ ಒಡಲು ಕೆಂಪು, ಮಾರ್ಮನ್ನಿನದು ಕಪ್ಪು. ಹೀಗಿರುವಲ್ಲಿ, ಹರಡಿದ ರೆಕ್ಕೆಗಳ ಅಂದಕ್ಕೆ ಮರುಳಾಗಿ ಒಡಲನ್ನು ಬಿಟ್ಟ ಚಿತ್ರದಿಂದ ನಿರ್ಣಯ ಸುಲಭವಲ್ಲ. ಒಡಲನ್ನೂ, ಕುಳಿತ ಗಿಡವನ್ನೂ ತೋರಿಸುವ ಸಾಧಾರಣ ಚಿತ್ರವೊಂದು ಚಿಟ್ಟೆಯ ಹೆಸರಿನೊಂದಿಗೆ ಅದರ ಬಾಳಿನ ಸುಳಿವನ್ನೂ ಕೊಡುತ್ತದೆ.

ತೋಡಿನ ಬಳಿ ಹಾರುವ ಏರೋಪ್ಲೇನ್ ಚಿಟ್ಟೆಗಳ ವಿಷಯದಲ್ಲಿಯೂ ಇದೇ ಮಾತು. ವೈದ್ಯರಾಗಿದ್ದ ಎಫ್. ಸಿ. ಫ್ರೇಸರ್ ಅವರು ಕೊಡಗೂ ಸೇರಿದಂತೆ ಪಶ್ಚಿಮಘಟ್ಟಗಳಲ್ಲಿ ಇವುಗಳನ್ನು ಸಂಗ್ರಹಿಸಿ ಅಭ್ಯಸಿಸಿದರು. ಭಾರತದ ಈ ಕೀಟವರ್ಗವನ್ನು ಕುರಿತ ಅವರ ಮೂರು ಸಂಪುಟಗಳು 1933, 1934 ಮತ್ತು 1936ರಲ್ಲಿ ಪ್ರಕಟವಾದವು. ಹಲವು ಪ್ರಭೇದಗಳನ್ನು ಬೇರ್ಪಡಿಸಲು ಎದೆಯ ಪಕ್ಕದ ಪಟ್ಟೆಗಳನ್ನೂ, ಗಂಡಿನ ಬಾಲದ ತುದಿಯ ಉಪಾಂಗಗಳನ್ನೂ ನೋಡಬೇಕಾಗುತ್ತದೆ. ಆದುದರಿಂದ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬಾಲದ ತುದಿಯದೊಂದು ಹೀಗೆ ಕನಿಷ್ಠ ಮೂರು ಚಿತ್ರಗಳಿರುವುದು ಒಳ್ಳೆಯದು. ಮುಂಜಾನೆಯ ತಂಪಿನಲ್ಲಿ ಈ ಕೀಟಗಳು ಜಡವಾಗಿರುವುದರಿಂದ ಸಮೀಪಿಸುವುದು ಸುಲಭ. ನಿಧಾನವಾಗಿ ಸಾಗಿ, ನಮ್ಮ ನೆರಳು ಅವುಗಳ ಮೇಲೆ ಬೀಳದಂತೆ ಎಚ್ಚರ ವಹಿಸಬೇಕು.

ಇದೆಲ್ಲವೂ ಕೇವಲ ಪಾಂಡಿತ್ಯದ ವಿಷಯವೆಂದು ಬೆಳೆಗಾರರು ಭಾವಿಸಬೇಕಾಗಿಲ್ಲ. ಅರೇಬಿಕಾ ಕಾಫಿಯ ಪರಮಶತ್ರುವಾದ ಬಿಳಿ ಕಾಂಡಕೊರಕವು ಏಪ್ರಿಲ್–ಮೇ ತಿಂಗಳುಗಳಲ್ಲಿಯೂ, ಅಕ್ಟೋಬರಿನಿಂದ ಡಿಸೆಂಬರಿನವರೆಗೂ ದುಂಬಿಯಾಗಿ ಹೊರಬಂದು, ಬಿಸಿಲು ಬೀಳುವ ಗಿಡಗಳ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುವು ಕಾಂಡದೊಳಕ್ಕೆ ಹೊಕ್ಕಮೇಲೆ ಔಷಧವು ಅದನ್ನು ಮುಟ್ಟಲಾರದು. ಗಿಡವನ್ನು ಕಿತ್ತು ಸುಡುವುದೊಂದೇ ಉಳಿಯುವ ದಾರಿ. ಆದುದರಿಂದ ದುಂಬಿ ಹೊರಬಂದ ಕಾಲವನ್ನು ತಿಳಿಯುವುದು ಮುಖ್ಯ. ಕಪ್ಪು ಮೈಮೇಲಿನ ಬಿಳಿಯ ಗೆರೆಗಳನ್ನು ತೋರಿಸಿ, ದಿನಾಂಕ, ತೋಟದ ಭಾಗ, ನೆರಳಿನ ಪರಿಮಾಣಗಳನ್ನು ಹೇಳುವ ಚಿತ್ರವು ತೋಟದ ಮಾಲೀಕನಿಗೆ ಕಾಲೋಚಿತವಾದ ಎಚ್ಚರಿಕೆಯಾಗುತ್ತದೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ತಜ್ಞರಿಗೂ ಅದನ್ನು ತೋರಿಸಬಹುದು. ದಿನಾಂಕವಿಲ್ಲದ ಅದೇ ಚಿತ್ರದಿಂದ ದುಂಬಿಯ ರೂಪ ತಿಳಿದೀತೇ ಹೊರತು ಅದು ಹೊರಬಂದ ಕಾಲ ತಿಳಿಯಲಾರದು.

ಛಾಯಾಚಿತ್ರಕ್ಕೆ ಮಿತಿಯೂ ಉಂಟು. ಸಣ್ಣ ದುಂಬಿ, ನುಸಿಗಳ ಅನೇಕ ಪ್ರಭೇದಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಅಂಗಗಳನ್ನು ಬಿಡಿಸಿ ನೋಡದೆ ನಿರ್ಣಯಿಸಲಾಗದು. ಅಲ್ಲಿ ವಸ್ತುಸಂಗ್ರಹದ ಮಾದರಿಯೇ ಪ್ರಮಾಣ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಲ್ಲಿ ಹಲವು ಚಿಟ್ಟೆಗಳೂ ಸೇರಿರುವುದರಿಂದ ಅವುಗಳನ್ನು ವಿದ್ಯಾರ್ಥಿಗಳು ಹಿಡಿಯುವಂತಿಲ್ಲ. ಅಲ್ಲಿ ಛಾಯಾಚಿತ್ರವೇ ಯೋಗ್ಯವಾದ ಮಾರ್ಗ. ಚಿತ್ರಕ್ಕಾಗಿ ಕೀಟವನ್ನು ತಂಪುಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸುವುದಾಗಲಿ, ಒಂದು ಗಿಡದಿಂದ ಕಿತ್ತು ಅಂದವಾದ ಇನ್ನೊಂದರ ಮೇಲೆ ಕೂರಿಸುವುದಾಗಲಿ ಕೂಡದು. ಇದರಿಂದ ಜೀವಿಗೆ ಹಿಂಸೆಯಾಗುವುದಲ್ಲದೆ ಗಿಡ ಮತ್ತು ಕೀಟಗಳ ಸಂಬಂಧದ ಬಗ್ಗೆ ಸುಳ್ಳುಸಾಕ್ಷ್ಯ ಹುಟ್ಟುತ್ತದೆ.

ಕಾಲೇಜುಗಳ ಅಧ್ಯಾಪಕರು ಒಂದೇ ದಾರಿಯನ್ನು ಗೊತ್ತುಮಾಡಿಕೊಂಡು ತಿಂಗಳಿಗೊಮ್ಮೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಬಹುದು. ಪ್ರತಿಯೊಂದು ಚಿತ್ರಕ್ಕೂ ಸ್ಥಳ, ದಿನಾಂಕ, ವೇಳೆ, ಗಿಡದ ಹೆಸರು ಮತ್ತು ಕೀಟದ ಚರ್ಯೆ ಈ ಐದನ್ನು ಅಂದೇ ಬರೆದಿಡುವ ಅಭ್ಯಾಸವಾಗಲಿ. ಕೆಲವು ವರ್ಷಗಳ ಇಂತಹ ದಾಖಲೆ ಕೂಡಿಬಂದರೆ, ನೆರಳಿನ ಮರಗಳನ್ನು ಕಡಿದಾಗ ತೋಟದಲ್ಲಿ ಯಾವ ಕೀಟ ಹೆಚ್ಚಿತು, ಯಾವುದು ಮರೆಯಾಯಿತು ಎಂಬ ಪ್ರಶ್ನೆಗೆ ಊಹೆಯಿಂದಲ್ಲದೆ ಆಧಾರದಿಂದ ಉತ್ತರ ಕೊಡುವುದು ಸಾಧ್ಯವಾದೀತು.