ಹಸಿರು ದೀಪ ಹೊತ್ತಿದರೆ ಸಾಕೇ?

ಮಧ್ಯಾಹ್ನದ ಹೊತ್ತು. ಗಂಡಸರು ಹೊಲಕ್ಕೋ ಅಂಗಡಿಗೋ ಹೋಗಿದ್ದಾರೆ. ಇಂಟರ್ನೆಟ್ ಜೋಡಿಸಲು ಬಂದ ಹುಡುಗ ಗೋಡೆಗೆ ತೂತು ಕೊರೆದು, ವಯರ್ ಎಳೆದು, ಪೆಟ್ಟಿಗೆ ಕೂರಿಸಿ, "ಹಸಿರು ದೀಪ ಬಂತು ಅಮ್ಮಾ, ಇಲ್ಲೊಂದು ಸಹಿ ಹಾಕಿ" ಎನ್ನುತ್ತಾನೆ. ಮನೆಯಾಕೆ ಸಹಿ ಹಾಕುತ್ತಾಳೆ. ಮೊದಲ ಮಳೆಗೇ ದೀಪ ಕೆಂಪಾಗುತ್ತದೆ. ಮಗಳ ಆನ್‌ಲೈನ್ ಪಾಠ ಅರ್ಧಕ್ಕೆ ನಿಲ್ಲುತ್ತದೆ. ದುಬೈಯಲ್ಲಿರುವ ಮಗನ ಜೊತೆಗಿನ ಮಾತೂ ತುಂಡಾಗುತ್ತದೆ.

ಕೆಲಸ ನಡೆಯುವಾಗ ಮನೆಯಲ್ಲಿರುವುದು ಹೆಚ್ಚಾಗಿ ಮಹಿಳೆಯರೇ. ಆದ್ದರಿಂದ ಆ ಕೆಲಸದ ಪರೀಕ್ಷಕರೂ ನಾವೇ ಆಗಬೇಕು. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ.

ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪ್‌ನಂತಹ ಊರುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಿದ ಕ್ಯಾಂಪ್‌ಗಳಿವು. ಈ ತಾಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತದೆ. ಕಪ್ಪು ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಸರಿಯಾಗಿ ನೆಡದ ಕಂಬ ವಾಲುತ್ತದೆ. ಬಿಸಿಲು 40 ಡಿಗ್ರಿ ದಾಟುತ್ತದೆ. ತಗ್ಗಾಗಿ ಜೋತುಬಿದ್ದ ಕೇಬಲ್ ಹುಲ್ಲು ಹೇರಿದ ಟ್ರ್ಯಾಕ್ಟರಿಗೆ ಸಿಕ್ಕಿಕೊಳ್ಳುತ್ತದೆ. ಇಲಿಗಳ ಕಾಟ ಬೇರೆ.

ಕೂದಲೆಳೆಯ ಗಾಜು

ಗ್ರಾಮ ಪಂಚಾಯತ್‌ಗಳಿಗೆ ಫೈಬರ್ ಎಳೆಯಲು ಕೇಂದ್ರ ಸರಕಾರ ನಿರ್ಧರಿಸಿದ್ದು 2011ರಲ್ಲಿ. ಮುಂದೆ ಅದೇ ಯೋಜನೆಗೆ 'ಭಾರತ್‌ನೆಟ್' ಎಂಬ ಹೆಸರು ಬಂತು. ಈ ಫೈಬರ್ ಎಂದರೆ ಗಾಜಿನ ಎಳೆ. ಅದರ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ ಮಾತ್ರ. ಅದರೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕು. ವಯರನ್ನು ಮೂಲೆಯಲ್ಲಿ ಮಡಚಿದರೆ ಆ ಬೆಳಕು ಹೊರಗೆ ಸೋರಿಹೋಗುತ್ತದೆ. ಜೋಡಣೆಯ ತುದಿಯಲ್ಲಿ ಧೂಳು ಕುಳಿತರೂ ಬೆಳಕು ಕುಗ್ಗುತ್ತದೆ.

ಹಸಿರು ದೀಪ ಹೇಳುವುದು "ಬೆಳಕು ಬಂದಿದೆ" ಎಂದಷ್ಟೇ. ಎಷ್ಟು ಬಂದಿದೆ ಎಂಬುದನ್ನು ಹೇಳುವುದು ಪವರ್ ಮೀಟರ್. ಕೆಲಸಗಾರನಲ್ಲಿ "ರೀಡಿಂಗ್ ಎಷ್ಟು?" ಎಂದು ಕೇಳಿ. ಮೈನಸ್ 15ರಿಂದ ಮೈನಸ್ 24ರೊಳಗೆ ಇದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರವಿದ್ದರೆ ಇಂದು ಹಸಿರಾದ ದೀಪ ನಾಳೆ ಕೆಂಪಾಗಬಹುದು. ಈ ಲೆಕ್ಕದಲ್ಲಿ ಮೂರು ಅಂಕಿ ಕೆಳಗಿಳಿದರೆ ಬೆಳಕು ಅರ್ಧವಾಯಿತೆಂದೇ ಅರ್ಥ.

ಸಹಿಗೆ ಮೊದಲು ನೋಡಿ

* ಕೇಬಲ್ ಕರೆಂಟ್ ತಂತಿಗೆ ತಾಗಿರಬಾರದು, ಮೀಟರ್ ಬೋರ್ಡಿಗೆ ಸುತ್ತಿರಬಾರದು. ಹೊರಗಿನ ಕೇಬಲ್‌ಗಳಲ್ಲಿ ಎಳೆತ ತಡೆಯಲು ಉಕ್ಕಿನ ತಂತಿ ಇರುವುದುಂಟು. ಅದರಲ್ಲಿ ಕರೆಂಟ್ ಹರಿದರೆ ಪ್ರಾಣಕ್ಕೇ ಅಪಾಯ.
* ಗೋಡೆಯ ತೂತು ಹೊರಮುಖವಾಗಿ ಇಳಿಜಾರಾಗಿರಲಿ. ಕೇಬಲ್ ತೂತಿಗಿಂತ ಸ್ವಲ್ಪ ಕೆಳಗಿಳಿದು, ಮತ್ತೆ ಮೇಲೇರಿ ಒಳಗೆ ಬರಲಿ. ಆಗ ಮಳೆನೀರು ಹೊರಗೇ ತೊಟ್ಟಿಕ್ಕುತ್ತದೆ. ತೂತನ್ನು ಮುಚ್ಚಿಸಿ, ಇಲಿ, ಇರುವೆಗಳಿಗೂ ದಾರಿಯಿರದು.
* ಉಳಿದ ವಯರ್ ಚಹಾ ಕಪ್ಪಿನ ಬಾಯಿಗಿಂತ ಸಣ್ಣ ಸುತ್ತಾಗಬಾರದು. ಬಾಗಿಲ ಸಂದಿಯಲ್ಲಿ, ಕಪಾಟಿನ ಕಾಲಡಿ ಸಿಕ್ಕಿಕೊಳ್ಳಬಾರದು.
* ತುದಿಗಳ ಬಣ್ಣ ನೋಡಿ: ಹಸಿರಿಗೆ ಹಸಿರು, ನೀಲಿಗೆ ನೀಲಿ. ಅದಲು ಬದಲಾದರೆ ಬೆಳಕು ನಷ್ಟ.
* ಪೆಟ್ಟಿಗೆ ಒಲೆಯ ಶಾಖ, ನೀರಿನ ಹನಿಗಳಿಂದ ದೂರವಿರಲಿ; ಗಾಳಿಯಾಡುವ ಎತ್ತರದ ಜಾಗದಲ್ಲಿರಲಿ.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಮಾತು. ಫೈಬರ್ ಕತ್ತರಿಸಿದಾಗ ಬೀಳುವ ಗಾಜಿನ ಚೂರುಗಳು ಕಣ್ಣಿಗೆ ಕಾಣುವುದೇ ಕಷ್ಟ; ಬರಿಗಾಲಿಗೆ ಚುಚ್ಚಿದರೆ ತೆಗೆಯುವುದು ಇನ್ನೂ ಕಷ್ಟ. ಅವನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಲು ಕೆಲಸಗಾರನಿಗೆ ಹೇಳಿ. ಅಂಟುಪಟ್ಟಿಯಿಂದ ನೆಲವನ್ನು ಒತ್ತಿ ತೆಗೆಯಿರಿ, ಕೈಯಿಂದ ಒರೆಸಬೇಡಿ. ಬಿಚ್ಚಿದ ಫೈಬರಿನ ತುದಿಯನ್ನು ಯಾರೂ ಇಣುಕಿ ನೋಡಬಾರದು. ಅದರ ಬೆಳಕು ಕಾಣಿಸದು, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಎಲ್ಲವೂ ಸರಿಯಾದ ಮೇಲೆ ಸಹಿ ಹಾಕಿ. ಒಟಿಪಿ ಕೇಳಿದರೂ ಅದಕ್ಕಿಂತ ಮೊದಲು ಹೇಳಬೇಡಿ. ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಪೆಟ್ಟಿಗೆಯ ಪಕ್ಕದಲ್ಲೇ ಬರೆದು ಅಂಟಿಸಿಡಿ. ಮುಂದೆ ದೂರು ಕೊಡುವಾಗ "ನೆಟ್ ಬರುತ್ತಿಲ್ಲ" ಎನ್ನುವುದಕ್ಕಿಂತ "ಮೊದಲು ಮೈನಸ್ 20 ಇತ್ತು, ಈಗ ಎಷ್ಟಿದೆ ನೋಡಿ" ಎಂಬ ಮಾತಿಗೆ ತೂಕ ಹೆಚ್ಚು.

ಬಿಸಿಲಲ್ಲಿ ಕಂಬ ಹತ್ತಿ ಇಳಿದ ಆ ಹುಡುಗನಿಗೆ ಒಂದು ಲೋಟ ನೀರು ಕೊಡಿ. ಜೊತೆಗೇ ಮೀಟರ್ ತೋರಿಸಲೂ ಹೇಳಿ. ಚಿನ್ನ ಕೊಳ್ಳುವಾಗ ತಕ್ಕಡಿ ನೋಡುವ ನಾವು ಇಲ್ಲೇಕೆ ಕಣ್ಣು ಮುಚ್ಚಿ ಸಹಿ ಹಾಕಬೇಕು?