ಹಳೇ ಕಾರಿನ ಬ್ರೇಕ್ ಪೈಪ್: ತೇಪೆ ಬೇಡ, ಹೊಸದೇ ಹಾಕಿಸಿ



ಮುಂಬಯಿಯ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಅಂಬಾಸಿಡರ್ ತಯಾರಾಗುತ್ತಿದ್ದ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರಲ್ಲೇ ಕೆಲಸ ನಿಲ್ಲಿಸಿತ್ತು. ಟ್ಯಾಕ್ಸಿಗಳು ಹೋದರೂ ಮನೆಗಳಲ್ಲಿ ಈ ಕಾರುಗಳು ಇನ್ನೂ ಉಳಿದಿವೆ. ತಂದೆ ಕೊಂಡದ್ದು, ಮಾವ ಬಿಟ್ಟುಹೋದದ್ದು, ಮಾರಲು ಮನಸ್ಸಾಗದೆ ಹೊದಿಕೆ ಹಾಕಿ ನಿಲ್ಲಿಸಿದ್ದು ಹೀಗೆ. 50 ವರ್ಷ ದಾಟಿದ ಕಾರುಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದ ಮೇಲೆ, ಅವುಗಳನ್ನು ಮತ್ತೆ ಓಡಿಸುವ ಆಸೆಯೂ ಹೆಚ್ಚಿದೆ.

ಇಂಥ ಕಾರನ್ನು ಹೊರಗೆ ತೆಗೆಯುವಾಗ ನಾವು ಮೊದಲು ಬಣ್ಣ ಮಾಡಿಸುತ್ತೇವೆ, ಸೀಟು ಹೊಲಿಸುತ್ತೇವೆ, ಇಂಜಿನ್ ಸ್ಟಾರ್ಟ್ ಆದರೆ ಸಂಭ್ರಮಪಡುತ್ತೇವೆ. ಕಾರಿನ ಹೊಟ್ಟೆಯ ಕೆಳಗೆ ಪೆನ್ಸಿಲ್‌ಗಿಂತ ತೆಳ್ಳಗೆ ಓಡುವ ಬ್ರೇಕ್ ಪೈಪನ್ನು ಯಾರೂ ಬಗ್ಗಿ ನೋಡುವುದಿಲ್ಲ. ನಿಮ್ಮ ಜೀವ ನಿಂತಿರುವುದು ಅದರ ಮೇಲೆಯೇ. ಆದ್ದರಿಂದ ಈ ಬಾರಿ ಅದರ ಬಗ್ಗೆ ಸ್ವಲ್ಪ ವಿವರವಾಗಿ ತಿಳಿಯೋಣ.

ಕಾಲಿನಿಂದ ಚಕ್ರದವರೆಗೆ

ಶಾಲೆಯಲ್ಲಿ ಓದಿದ ಪಾಸ್ಕಲ್ ನಿಯಮ ನೆನಪಿದೆಯಲ್ಲವೇ? ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆಯಿಲ್ ಪೈಪಿನ ಮೂಲಕ ನಾಲ್ಕೂ ಚಕ್ರಗಳಿಗೆ ಹೋಗಿ ಅಲ್ಲಿನ ವೀಲ್ ಸಿಲಿಂಡರ್‌ಗಳನ್ನು ಒತ್ತುತ್ತದೆ. ಆಗ ಲೈನರ್‌ಗಳು ಡ್ರಮ್ಮಿಗೆ ತಗುಲಿ ಕಾರು ನಿಲ್ಲುತ್ತದೆ.

ಒಂದು ಚಿಕ್ಕ ಲೆಕ್ಕ ಹಾಕಿ. ನಿಮ್ಮ ಕಾಲಿನ ಬಲ 25 ಕಿಲೋ ಎಂದಿಟ್ಟುಕೊಳ್ಳಿ. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿದರೆ 125 ಕಿಲೋ. ಮುಕ್ಕಾಲು ಇಂಚಿನ ಸಿಲಿಂಡರಿನಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 44 ಕಿಲೋ ಒತ್ತಡವಾಗುತ್ತದೆ. ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಕಿಲೋ ಮಾತ್ರ. ಹೆದರಿ ಜೋರಾಗಿ ತುಳಿದ ಕ್ಷಣದಲ್ಲಿ ಇದು ಎರಡರಷ್ಟಾಗಬಹುದು. ಇದನ್ನೆಲ್ಲ ತಡೆದುಕೊಳ್ಳುವ ಪೈಪಿನ ಹೊರ ಅಳತೆ ಸಾಮಾನ್ಯವಾಗಿ 3/16 ಇಂಚು, ಎಂದರೆ 4.75 ಮಿಲಿಮೀಟರ್. ಗೋಡೆಯ ದಪ್ಪ ಸುಮಾರು 0.7 ಮಿಲಿಮೀಟರ್.

ಇಂದಿನ ಕಾರುಗಳಲ್ಲಿ ಬ್ರೇಕಿನ ದಾರಿ ಎರಡು ಭಾಗವಾಗಿರುತ್ತದೆ. ಒಂದು ಸೋರಿದರೂ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ. ಹಳೆಯ ಫಿಯೆಟ್, ಅಂಬಾಸಿಡರ್‌ಗಳ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ದಾರಿ. ಎಲ್ಲೋ ಹಿಂದಿನ ಚಕ್ರದ ಬಳಿ ಸೂಜಿಮೊನೆಯಷ್ಟು ತೂತಾದರೂ ಸಾಕು, ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಪೈಪು ಕೆಡುವುದು ಯಾಕೆ?

ಹೊರಗಿನಿಂದ ತುಕ್ಕು. ಮುಂಬಯಿ, ಚೆನ್ನೈಗಳ ಉಪ್ಪುಗಾಳಿ, ಮಳೆಗಾಲದ ಕೆಸರು ಎರಡೂ ಕಬ್ಬಿಣಕ್ಕೆ ಶತ್ರು. ಪೈಪನ್ನು ಹಿಡಿದಿರುವ ಕ್ಲಿಪ್ಪುಗಳ ಸಂದಿಯಲ್ಲಿ ಮಣ್ಣು ಕೂತು ತೇವ ಹಿಡಿದುಕೊಳ್ಳುತ್ತದೆ. ಕಣ್ಣಿಗೆ ಕಾಣುವ ಭಾಗ ಚೆನ್ನಾಗಿದ್ದರೂ ಕ್ಲಿಪ್ಪಿನ ಅಡಿಯಲ್ಲಿ ಅರ್ಧ ತಿಂದುಹೋಗಿರುತ್ತದೆ.

ಒಳಗಿನಿಂದಲೂ ತುಕ್ಕು. ಮಾಮೂಲಿ ಬ್ರೇಕ್ ಆಯಿಲ್, ಅಂದರೆ ಡಾಟ್ 3 ಮತ್ತು ಡಾಟ್ 4, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಆ ನೀರು ಒಳಗೇ ತುಕ್ಕು ಹಿಡಿಸುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೀರು ಸೇರಿದ ಮೇಲಿನ ಮಟ್ಟ 140 ಡಿಗ್ರಿ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಆವಿ ತುಂಬಿ ಪೆಡಲ್ ಪೊಳ್ಳಾಗುತ್ತದೆ. ಪುಣೆಯಿಂದ ಖಂಡಾಲಾ ಘಾಟಿ ಇಳಿದು ಮುಂಬಯಿಗೆ ಹೋಗುವವರು ಇದನ್ನು ಗಮನಿಸಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಒಳ್ಳೆಯ ರೂಢಿ.

ಇನ್ನು ರಬ್ಬರ್ ಹೋಸುಗಳು. ಮುಂದಿನ ಚಕ್ರಗಳು ತಿರುಗಬೇಕು, ಹಿಂದಿನ ಆಕ್ಸಲ್ ಏರಿಳಿಯಬೇಕು. ಆದ್ದರಿಂದ ಅಲ್ಲಿ ಬಾಗುವ ಹೋಸ್ ಇರುತ್ತದೆ. ಇದು ಹೊರಗೆ ಬಿರುಕು ಬಿಟ್ಟರೆ ಕಾಣುತ್ತದೆ, ಒಳಗೆ ಊದಿಕೊಂಡರೆ ಕಾಣುವುದಿಲ್ಲ. ಆಗ ಆಯಿಲ್ ಹೋಗುತ್ತದೆ, ಹಿಂತಿರುಗುವುದಿಲ್ಲ. ಕಾಲು ತೆಗೆದರೂ ಒಂದು ಚಕ್ರ ಹಿಡಿದುಕೊಂಡು ಬಿಸಿಯಾಗುತ್ತದೆ, ಕಾರು ಒಂದು ಬದಿಗೆ ಎಳೆಯುತ್ತದೆ.

ಪೆಡಲ್ ಏನು ಹೇಳುತ್ತದೆ?

ಗ್ಯಾರೇಜಿಗೆ ಹೋಗುವ ಮೊದಲು ನಿಮ್ಮ ಕಾಲನ್ನೇ ಕೇಳಿ ನೋಡಿ.

ಪೆಡಲ್ ಬಹಳ ಕೆಳಗೆ ಹೋಗಿ ಗಟ್ಟಿಯಾಗಿ ನಿಂತರೆ ಲೈನರ್ ಸವೆದಿರಬಹುದು, ಇಲ್ಲವೇ ಅಡ್ಜಸ್ಟ್ ಮಾಡಬೇಕಾಗಿರಬಹುದು.

ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ.

ಒತ್ತಿ ಹಿಡಿದಾಗ ನಿಧಾನವಾಗಿ ಕುಸಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ. ಇಂಥ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ. ಮೆಕ್ಯಾನಿಕ್‌ನನ್ನೇ ಕರೆಸಿ, ಅಥವಾ ಟೋ ಮಾಡಿಸುವ ಗಾಡಿಯ ಮೇಲೆ ಹಾಕಿಸಿ ಕಳಿಸಿ.

ಡಬ್ಬಿಯಲ್ಲಿ ಆಯಿಲ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಸುಮ್ಮನೆ ತುಂಬಿಸುತ್ತಾ ಹೋಗಬೇಡಿ. ಚಕ್ರದ ಒಳಬದಿ ಒದ್ದೆಯಾಗಿದೆಯೇ ನೋಡಿ. ಪೈಪಿನ ಉದ್ದಕ್ಕೂ ಮಣ್ಣನ್ನು ಒರೆಸಿ, ಬೆಳಕು ಹಿಡಿದು ಪರೀಕ್ಷಿಸಿ. ಒರೆಸಿದ ಮೇಲೆ ಗುಳಿಗಳು, ಚಕ್ಕೆ ಏಳುವ ತುಕ್ಕು ಕಂಡರೆ ಇನ್ನೂ ಸೋರದಿದ್ದರೂ ಆ ಪೈಪಿನ ಆಯುಷ್ಯ ಮುಗಿಯಿತೆಂದೇ ತಿಳಿಯಿರಿ.

ತೇಪೆ ಯಾಕೆ ಬೇಡ?

“ಸ್ವಲ್ಪ ಬೆಸುಗೆ ಹಾಕಿದರೆ ಆಯ್ತು ಸಾರ್” ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಬೆಸುಗೆಯ ಬಿಸಿಗೆ ತೆಳು ಗೋಡೆ ಇನ್ನಷ್ಟು ದುರ್ಬಲವಾಗುತ್ತದೆ, ಕರಿ ಒಳಗೆ ಬಿದ್ದು ದಾರಿ ಕಟ್ಟುತ್ತದೆ. ಅಂಟು, ಟೇಪುಗಳಂತೂ ಈ ಒತ್ತಡಕ್ಕೆ ಲೆಕ್ಕಕ್ಕೇ ಇಲ್ಲ. ನಡುವೆ ಕತ್ತರಿಸಿ ಜೋಡಿಸುವ ಕಂಪ್ರೆಷನ್ ಜಾಯಿಂಟುಗಳು ನೀರಿನ ನಳಕ್ಕೆ ಸರಿ, ಬ್ರೇಕಿಗೆ ಅಲ್ಲ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಇಡೀ ತುಂಡನ್ನು ಬದಲಿಸುವುದೇ ಸರಿಯಾದ ರಿಪೇರಿ. ಇನ್ನೊಂದು ವಿಷಯ: ಒಂದು ಪೈಪು ತುಕ್ಕು ಹಿಡಿದು ತೂತಾಗಿದ್ದರೆ, ಅದೇ ವಯಸ್ಸಿನ ಉಳಿದ ಪೈಪುಗಳೂ ಅದೇ ದಾರಿಯಲ್ಲಿವೆ. ಎಲ್ಲವನ್ನೂ ಒಟ್ಟಿಗೇ ಹಾಕಿಸಿದರೆ ಖರ್ಚು ಸ್ವಲ್ಪ ಹೆಚ್ಚು, ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ.

ಯಾವ ಪೈಪು?

ಕಂಪನಿಯಿಂದ ಬಂದದ್ದು ಸಾಮಾನ್ಯವಾಗಿ ಎರಡು ಪದರದ ಉಕ್ಕಿನ ಪೈಪು. ಗಟ್ಟಿ, ಅಗ್ಗ, ಆದರೆ ತುಕ್ಕು ಹಿಡಿಯುತ್ತದೆ. ಎರಡನೆಯದು ತಾಮ್ರ-ನಿಕ್ಕಲ್ ಮಿಶ್ರಲೋಹ. ಸುಮಾರು 90 ಭಾಗ ತಾಮ್ರ, 10 ಭಾಗ ನಿಕ್ಕಲ್, ಜೊತೆಗೆ ಅಲ್ಪ ಕಬ್ಬಿಣ. ತುಕ್ಕಿನ ಭಯವಿಲ್ಲ, ಕೈಯಲ್ಲಿ ಸುಲಭವಾಗಿ ಬಾಗುತ್ತದೆ, ಒತ್ತಡವನ್ನೂ ತಡೆಯುತ್ತದೆ. ಕಡಲ ತೀರದ ಊರಿನಲ್ಲಿರುವ ಹಳೇ ಕಾರಿಗೆ ಇದು ಅತ್ಯುತ್ತಮ.

ಎಚ್ಚರ ಬೇಕಾದದ್ದು ಮೂರನೆಯದರ ಬಗ್ಗೆ. ಫ್ರಿಜ್, ಏಸಿ ರಿಪೇರಿಗೆ ಬಳಸುವ ಬರೀ ತಾಮ್ರದ ಪೈಪು ಇದೇ ಅಳತೆಯಲ್ಲಿ ಸಿಗುತ್ತದೆ, ನೋಡಲೂ ಹೊಳೆಯುತ್ತದೆ. ಅದನ್ನೇ ಬ್ರೇಕಿಗೆ ಹಾಕಿಬಿಡುವವರಿದ್ದಾರೆ. ಬರೀ ತಾಮ್ರ ಕಾರಿನ ಅದುರಾಟಕ್ಕೆ ಕ್ರಮೇಣ ಪೆಡಸಾಗಿ ಬಿರುಕು ಬಿಡುತ್ತದೆ. ‘ಬ್ರೇಕಿಗಾಗಿಯೇ ಮಾಡಿದ ಪೈಪು’ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕುರ್ಲಾದಲ್ಲಾಗಲಿ, ಚೆನ್ನೈನ ಪುದುಪೇಟೆಯಲ್ಲಾಗಲಿ, ದೆಹಲಿಯ ಕಶ್ಮೀರಿ ಗೇಟಿನಲ್ಲಾಗಲಿ, ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬಿಡಿಭಾಗ ಹುಡುಕುವಾಗ ಹಳೆಯ ನಟ್ಟು ಮತ್ತು ಪೈಪಿನ ತುದಿಯನ್ನು ಕೈಯಲ್ಲೇ ಹಿಡಿದು ಹೋಗಿ. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್; ಅಲ್ಲಿಯದು ಇಂಚಿನ ಲೆಕ್ಕ. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100; ಅದು ಮಿಲಿಮೀಟರ್ ಲೆಕ್ಕ. 3/8 ಇಂಚಿನ ನಟ್ಟಿನ ಅಳತೆ 9.5 ಮಿಲಿಮೀಟರ್. ಅದು 10 ಮಿಲಿಮೀಟರಿನ ತೂತಿನಲ್ಲಿ ತಿರುಗಿಕೊಂಡು ಕೂತಂತೆ ಕಾಣುತ್ತದೆ. ಆದರೆ ಹಿಡಿತವಿರುವುದಿಲ್ಲ, ಜೋರಾಗಿ ತುಳಿದ ದಿನ ಕಿತ್ತು ಬರುತ್ತದೆ.

ಕೆಲಸ ನಡೆಯುವ ಕ್ರಮ

ನೀವೇ ಮಾಡದಿದ್ದರೂ ಪಕ್ಕದಲ್ಲಿ ನಿಂತು ನೋಡಲು ಇಷ್ಟು ತಿಳಿದಿರಲಿ.

1. ಕಾರು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು. ಬರೀ ಜಾಕ್ ಅಥವಾ ಇಟ್ಟಿಗೆ ನಂಬಿ ಯಾರೂ ಕೆಳಗೆ ನುಸುಳಬಾರದು.

2. ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ಮಾಮೂಲಿ ಸ್ಪ್ಯಾನರ್ ನಟ್ಟಿನ ಮೂಲೆ ಕೆಡಿಸುತ್ತದೆ. ಪೈಪು ತೂರುವಷ್ಟು ಸೀಳಿರುವ ರಿಂಗ್ ಸ್ಪ್ಯಾನರ್ ಬೇಕು.

3. ಹಳೆಯ ಪೈಪನ್ನು ಎಸೆಯಬಾರದು. ಹೊಸದನ್ನು ಬಾಗಿಸಲು ಅದೇ ಮಾದರಿ. ಬಾಗುಗಳ ಉದ್ದಕ್ಕೂ ದಾರ ಹಿಡಿದು ಅಳೆದುಕೊಳ್ಳಬೇಕು.

4. ಪೈಪನ್ನು ಗರಗಸದಿಂದಲ್ಲ, ಟ್ಯೂಬ್ ಕಟರಿನಿಂದ ಕತ್ತರಿಸಬೇಕು. ಒಳಗಿನ ಚೂಪು ಅಂಚನ್ನು ಕೆರೆದು ತೆಗೆಯಬೇಕು.

5. ಮೊದಲು ನಟ್ಟು ತೂರಿಸಿ, ಆಮೇಲೆ ತುದಿಯನ್ನು ಅರಳಿಸಬೇಕು. ಅರಳಿಸುವುದರಲ್ಲೂ ವಿಧಗಳಿವೆ: ಎರಡು ಮಡಿಕೆಯದು, ಗುಳ್ಳೆಯಂಥದ್ದು. ಹಳೆಯ ತುದಿ ಹೇಗಿತ್ತೋ ಹಾಗೆಯೇ ಇರಬೇಕು. ಒಂದೇ ಮಡಿಕೆಯಲ್ಲಿ ಮುಗಿಸಿದರೆ ಅಂಚು ಸೀಳುತ್ತದೆ.

6. ಒಳಗೆ ಗಾಳಿ ಊದಿ ಚೂರುಗಳನ್ನು ತೆಗೆದು, ಹಳೆಯ ಜಾಗದಲ್ಲೇ ಕ್ಲಿಪ್ ಹಾಕಿ ಕೂರಿಸಬೇಕು. ಸೈಲೆನ್ಸರಿಗೆ, ತಿರುಗುವ ಭಾಗಗಳಿಗೆ ತಾಗಬಾರದು.

7. ಹೊಸ ಡಾಟ್ 3 ಅಥವಾ ಡಾಟ್ 4 ಆಯಿಲ್ ತುಂಬಿಸಿ ಗಾಳಿ ತೆಗೆಯಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ. ಒಬ್ಬರು ತುಳಿದು ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಬಿಚ್ಚಬೇಕು. ನಿಪ್ಪಲ್ ಮುಚ್ಚಿದ ಮೇಲೆಯೇ ಕಾಲು ತೆಗೆಯಬೇಕು. ನಡುನಡುವೆ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಬೇಕು.

ಸೀಮೆಎಣ್ಣೆ, ಪೆಟ್ರೋಲ್, ಇಂಜಿನ್ ಆಯಿಲ್ ಇವುಗಳ ಒಂದು ಹನಿಯೂ ಬ್ರೇಕಿನೊಳಗೆ ಸೇರಬಾರದು. ರಬ್ಬರ್ ವಾಷರುಗಳು ಊದಿಕೊಂಡು ಎಲ್ಲ ಹಾಳಾಗುತ್ತದೆ. ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನೂ ಕೀಳುತ್ತದೆ. ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಕೊನೆಗೆ ಪರೀಕ್ಷೆ. ಕಾರು ನಿಂತಲ್ಲೇ ಪೆಡಲನ್ನು ಬಲವಾಗಿ ತುಳಿದು ಒಂದು ನಿಮಿಷ ಹಿಡಿಯಿರಿ. ಇನ್ನೊಬ್ಬರು ಪ್ರತಿ ಜಾಯಿಂಟಿಗೂ ಬಿಳಿ ಕಾಗದ ಒತ್ತಿ ನೋಡಲಿ, ಒದ್ದೆಯಾಗಬಾರದು. ನಂತರ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ. ಮರುದಿನ ಮತ್ತೊಮ್ಮೆ ಜಾಯಿಂಟುಗಳನ್ನು ನೋಡಿ.

ದಾರಿಯಲ್ಲೇ ಬ್ರೇಕ್ ಹೋದರೆ?

ಗಾಬರಿಯಾಗಬೇಡಿ. ಪೆಡಲನ್ನು ಬೇಗ ಬೇಗ ಪಂಪ್ ಮಾಡಿ. ಸ್ವಲ್ಪ ಒತ್ತಡ ಮರಳಬಹುದು. ಒಂದೊಂದೇ ಗೇರ್ ಇಳಿಸಿ, ಇಂಜಿನ್ನೇ ಕಾರನ್ನು ಹಿಡಿಯಲಿ. ಹ್ಯಾಂಡ್ ಬ್ರೇಕ್ ಈ ಆಯಿಲಿನಿಂದ ನಡೆಯುವುದಲ್ಲ, ಆದ್ದರಿಂದ ಅದು ಉಳಿದಿರುತ್ತದೆ. ಒಮ್ಮೆಲೇ ಎಳೆಯದೆ ಹಂತಹಂತವಾಗಿ ಎಳೆಯಿರಿ. ಹಾರ್ನ್ ಮಾಡುತ್ತಾ, ಲೈಟು ಹಾಕಿ, ಬದಿಗೆ ಬನ್ನಿ. ಅದಕ್ಕೇ ಹ್ಯಾಂಡ್ ಬ್ರೇಕ್ ಸದಾ ಸುಸ್ಥಿತಿಯಲ್ಲಿರಲಿ.

ಈ ಭಾನುವಾರ ಕಾರಿನ ಹೊದಿಕೆ ತೆಗೆದಾಗ ಬಾನೆಟ್ ಒರೆಸುವ ಮೊದಲು ಒಂದು ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ. ಹತ್ತು ನಿಮಿಷದ ಕೆಲಸ. ಅಪ್ಪನ ಕಾರಿನಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸಂತೋಷ ನಿಮಗೆ ಬಹುಕಾಲ ಇರಲಿ.